ರೂಪಕ ಕಟ್ಟುವುದು ಹೇಗೆ? ಮೊದಲು ನೋಡಿ, ಆಮೇಲೆ ಬರೆಯಿರಿ

‘ಬೆಲೆ ಏರಿಕೆಯ ಬಿಸಿ ಜನರ ಜೇಬಿಗೆ ಕತ್ತರಿ ಹಾಕಿದೆ.’

ಪೇಪರ್ ಓದುವವರಿಗೆ ಇಂಥ ಸಾಲು ಹೊಸದೇನಲ್ಲ. ಈಗ ಇದನ್ನೇ ಸ್ವಲ್ಪ ನಿಧಾನವಾಗಿ ಓದಿ. ಬಿಸಿ ಎಂಬುದು ಕತ್ತರಿ ಹಿಡಿದುಕೊಂಡು ಬಂದು ಜೇಬು ಕತ್ತರಿಸುತ್ತಿದೆ! ಬರೆದವರ ಕಣ್ಣಿಗೆ ಬಿಸಿಯೂ ಬೀಳಲಿಲ್ಲ, ಕತ್ತರಿಯೂ ಬೀಳಲಿಲ್ಲ. ಓದಿದವರಿಗೂ ಅಷ್ಟೇ. ಹಾಗಾಗಿ ಯಾರಿಗೂ ನಗು ಬರಲಿಲ್ಲ.

ರೂಪಕ ಬಳಸುವುದು ಸುಲಭ, ಅದು ಓದುಗರ ಕಣ್ಣಿಗೆ ಕಾಣುವಂತೆ ಮಾಡುವುದು ಕಷ್ಟ. ಕಥೆ, ಪ್ರಬಂಧ, ಭಾಷಣ, ಫೇಸ್‌ಬುಕ್ ಪೋಸ್ಟು, ಏನೇ ಬರೆಯಿರಿ, ಒಳ್ಳೆಯ ರೂಪಕ ನಿಘಂಟಿನಲ್ಲಿ ಸಿಗುವುದಿಲ್ಲ. ಯಾವುದರ ಬಗ್ಗೆ ಬರೆಯುತ್ತಿದ್ದೀರೋ ಅದನ್ನು ಎಷ್ಟು ಹೊತ್ತು ನೋಡಿದ್ದೀರಿ ಎಂಬುದರ ಮೇಲೆ ನಿಂತಿರುತ್ತದೆ.

ಶಾಲೆಯ ಪಾಠ ಒಮ್ಮೆ ನೆನಪಿಸಿಕೊಳ್ಳಿ

ವ್ಯಾಕರಣದ ಪರೀಕ್ಷೆಯಲ್ಲಿ ‘ಅಲಂಕಾರ ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ’ ಎಂಬ ಪ್ರಶ್ನೆ ಇರುತ್ತಿತ್ತು, ಅಲ್ವಾ? ನಾವು ಯಾವುದರ ಬಗ್ಗೆ ಹೇಳುತ್ತಿದ್ದೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ‘ಅವನ ಮಾತು ಚೂರಿಯಂತೆ ಚುಚ್ಚಿತು’ ಎಂದರೆ ಉಪಮೆ. ‘ಅಂತೆ’ ಬಿಟ್ಟು ‘ಅವನ ಮಾತೇ ಚೂರಿ’ ಎಂದರೆ ರೂಪಕ. ಮಾತಿಗೂ ಚೂರಿಗೂ ಭೇದವೇ ಇಲ್ಲ ಎನ್ನುವ ಹಾಗೆ ಹೇಳಿಬಿಡುವುದು.

ಕನ್ನಡದಲ್ಲಿ ಈ ಚರ್ಚೆಗೆ ವಯಸ್ಸು ಕಡಿಮೆಯೇನಲ್ಲ. ಇವತ್ತು ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ಕಾವ್ಯ ಹೇಗಿರಬೇಕು ಎಂದು ಹೇಳುವ ಪುಸ್ತಕವೇ. ಅದರಲ್ಲಿ ಅಲಂಕಾರಗಳಿಗೆ ದೊಡ್ಡ ಪಾಲು ಸಿಕ್ಕಿದೆ.

ಪರೀಕ್ಷೆಯಲ್ಲಿ ಕೇಳದ ಒಂದು ಪ್ರಶ್ನೆ ಬರೆಯುವವರಿಗೆ ಮುಖ್ಯ. ಎಲ್ಲಿ ‘ಅಂತೆ’ ಇರಲಿ, ಎಲ್ಲಿ ತೆಗೆಯಲಿ? ‘ಅಂತೆ’ ಇದ್ದಾಗ ಓದುಗರು ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ತೆಗೆದಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹೋಲಿಕೆ ದೂರದ್ದಾಗಿದ್ದರೆ, ಓದುಗರು ಇನ್ನೂ ವಿಷಯಕ್ಕೆ ಹೊಂದಿಕೊಂಡಿಲ್ಲದಿದ್ದರೆ, ‘ಅಂತೆ’, ‘ಹಾಗೆ’ ಇರಲಿ. ಒಮ್ಮೆ ಒಪ್ಪಿದ ಮೇಲೆ ಮುಂದಿನ ಸಾಲಿನಲ್ಲಿ ಧೈರ್ಯವಾಗಿ ತೆಗೆಯಬಹುದು.

ಮೂರನೆಯದೂ ಒಂದಿದೆ. ‘ಅವನ ಮಾತು ಚುಚ್ಚಿತು.’ ಇಲ್ಲಿ ಚೂರಿಯ ಹೆಸರೇ ಇಲ್ಲ. ಅದು ಮಾಡುವ ಕೆಲಸ ಮಾತ್ರ ಉಳಿದಿದೆ. ಇದರ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ನಿಮ್ಮದೇ ಒಂದು ಪುಟದಲ್ಲಿ ಗೆರೆ ಎಳೆಯಿರಿ

‘ನಾನು ರೂಪಕ ಬಳಸುವುದಿಲ್ಲಪ್ಪ, ಸೀದಾ ಬರೆಯುತ್ತೇನೆ’ ಎನ್ನುವವರಿದ್ದಾರೆ. ಆಗದ ಮಾತು. ಬೆಲೆ ಏರುತ್ತದೆ, ಇಳಿಯುತ್ತದೆ. ಮೇಜಿಗೆ ಕಾಲು, ಬಾಟಲಿಗೆ ಕುತ್ತಿಗೆ. ಗೆಳೆಯ ಕೈಕೊಡುತ್ತಾನೆ, ಬಂಧು ಮೂಗು ತೂರಿಸುತ್ತಾನೆ, ಮಗು ತಲೆ ತಿನ್ನುತ್ತದೆ. ಇವೆಲ್ಲ ಒಂದು ಕಾಲದ ರೂಪಕಗಳೇ.

ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬಿಬ್ಬರು 1980ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ರೂಪಕ ಕವಿಗಳ ಆಸ್ತಿಯಲ್ಲ, ನಾವು ಯೋಚಿಸುವುದೇ ಅದರ ಮೂಲಕ ಎಂಬುದು ಅವರ ವಾದ. ಕನ್ನಡದಲ್ಲೇ ನೋಡಿ. ಸಮಯವನ್ನು ಉಳಿಸುತ್ತೇವೆ, ವ್ಯರ್ಥ ಮಾಡುತ್ತೇವೆ, ಯಾರಿಗೋ ಕೊಡುತ್ತೇವೆ. ದುಡ್ಡಿನ ಬಗ್ಗೆ ಆಡುವ ಮಾತೇ ಸಮಯಕ್ಕೂ. ವಾದದಲ್ಲಿ ಗೆಲ್ಲುತ್ತೇವೆ, ಸೋಲುತ್ತೇವೆ, ಎದುರಾಳಿಯ ಬಾಯಿ ಮುಚ್ಚಿಸುತ್ತೇವೆ. ಇಬ್ಬರೂ ಸೇರಿ ಸರಿಯಾದ ಉತ್ತರ ಹುಡುಕಿದರೆ ಗೆದ್ದವರು ಯಾರು ಎಂದು ಕೇಳುವ ಅಭ್ಯಾಸವೇ ನಮಗಿಲ್ಲ.

ನೀವು ಈಚೆಗೆ ಬರೆದ ಒಂದು ಪುಟ ತೆಗೆದುಕೊಂಡು ಇಂಥ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಎರಡು ಗುಂಪು ಸಿಗುತ್ತದೆ. ‘ಬೆಲೆ ಏರಿತು’, ‘ಮೇಜಿನ ಕಾಲು’ ಥರದವು ಪೂರ್ತಿ ಸವೆದುಹೋಗಿವೆ. ಅವನ್ನು ಮುಟ್ಟಬೇಡಿ, ಯಾರಿಗೂ ತೊಂದರೆಯಿಲ್ಲ. ಕಾಟ ಕೊಡುವುದು ಅರ್ಧ ಜೀವ ಇರುವ ಗುಂಪು. ಕಣ್ಣೀರಿನ ಕೋಡಿ ಹರಿಯಿತು, ಆಕಾಶವೇ ಕಳಚಿಬಿತ್ತು, ಯೋಜನೆಗೆ ಹಸಿರು ನಿಶಾನೆ, ಇಬ್ಬರ ನಡುವೆ ಹಗ್ಗಜಗ್ಗಾಟ. ನೋಡಲು ಚಿತ್ರದ ಹಾಗಿವೆ, ಒಳಗೆ ಚಿತ್ರವೇ ಇಲ್ಲ. ಓದುಗರು ಸುಮ್ನೆ ದಾಟಿ ಹೋಗುತ್ತಾರೆ. ಅಲ್ಲೆಲ್ಲ ಸಾದಾ ಮಾತೇ ವಾಸಿ: ‘ಅತ್ತಳು’, ‘ಒಪ್ಪಿಗೆ ಸಿಕ್ಕಿತು’.

ಸಾದಾ ವಾಕ್ಯದಿಂದ ಶುರು ಮಾಡಿ

ಈಗ ಒಂದು ರೂಪಕವನ್ನು ಮೊದಲಿಂದ ಕಟ್ಟೋಣ. ನಿವೃತ್ತಿಯಾದ ಅಪ್ಪನ ಬಗ್ಗೆ ಬರೆಯಬೇಕು ಎಂದುಕೊಳ್ಳಿ. ಸಾದಾ ವಾಕ್ಯ ಹೀಗಿರುತ್ತದೆ: ‘ನಿವೃತ್ತಿಯಾದ ಮೇಲೆ ಅಪ್ಪನಿಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.’

ತಕ್ಷಣ ಏನು ಹೊಳೆಯುತ್ತದೆ? ‘ಅಪ್ಪ ನೀರಿನಿಂದ ಹೊರಬಿದ್ದ ಮೀನಾಗಿದ್ದಾರೆ.’ ಮೊದಲು ಹೊಳೆದದ್ದು ಬಹುಮಟ್ಟಿಗೆ ನಿಮ್ಮದಲ್ಲ, ಎಲ್ಲೋ ಓದಿದ್ದು. ಅದನ್ನು ಬರೆದುಕೊಂಡು ಪಕ್ಕಕ್ಕಿಡಿ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತಿರುತ್ತದೆ.

ಈಗ ಹೋಲಿಕೆ ಹುಡುಕುವುದನ್ನು ಬಿಟ್ಟು ಅಪ್ಪನನ್ನು ನೋಡಿ. ಕೆಲಸಕ್ಕೆ ಹೋಗುತ್ತಿದ್ದಾಗಿನ ಹೊತ್ತಿಗೇ ಏಳುತ್ತಾರೆ. ಸ್ನಾನ ಮುಗಿಸಿ, ತಲೆ ಬಾಚಿ, ವಾಚು ಕಟ್ಟಿಕೊಳ್ಳುತ್ತಾರೆ. ಹೊರಡುತ್ತಿದ್ದ ಹೊತ್ತಾದಾಗ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಾರೆ. ಕಪಾಟು ತೆಗೆದು, ಜೋಡಿಸಿಟ್ಟದ್ದನ್ನೇ ಮತ್ತೆ ಜೋಡಿಸುತ್ತಾರೆ. ಯಾರಾದರೂ ಕೂತಿದ್ದರೆ ‘ಏನಾದ್ರೂ ತರಬೇಕಾ?’ ಎಂದು ಕೇಳುತ್ತಾರೆ.

ಹೀಗೆ ಪಟ್ಟಿ ಮಾಡಿದ ಮೇಲೆ ಪ್ರಶ್ನೆ ಬದಲಾಗುತ್ತದೆ. ‘ಅಪ್ಪ ಯಾವುದರ ಹಾಗಿದ್ದಾರೆ’ ಎಂಬ ಪ್ರಶ್ನೆ ತೀರಾ ದೊಡ್ಡದು. ‘ಕಾರಣ ಮುಗಿದ ಮೇಲೂ ಮಾಡುವ ಕೆಲಸ ನಿಲ್ಲಿಸದ ವಸ್ತು ಯಾವುದು’ ಎಂದು ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ. ಸ್ವಿಚ್ ಆರಿಸಿದ ಮೇಲೂ ತಿರುಗುವ ಫ್ಯಾನು. ‘ಅಪ್ಪ ಸ್ವಿಚ್ ಆರಿಸಿದ ಫ್ಯಾನು. ಇನ್ನೂ ತಿರುಗುತ್ತಿದ್ದಾರೆ.’

ಮೀನಿಗಿಂತ ಇದು ಹತ್ತಿರ ಬಂತು. ಮೀನು ಒದ್ದಾಡುತ್ತದೆ, ಅಪ್ಪ ಒದ್ದಾಡುತ್ತಿಲ್ಲ. ಅಪ್ಪನದು ಹಳೆಯ ವೇಗ.

ಇನ್ನೊಂದು ಉತ್ತರವೂ ಸಾಧ್ಯ. ನಿಮ್ಮ ಪಟ್ಟಿಯಲ್ಲಿ ಓಡಾಟಕ್ಕಿಂತ ಕಾಯುವುದು ಜಾಸ್ತಿ ಇದ್ದರೆ, ಅಂದರೆ ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪ್ರತಿ ಸದ್ದಿಗೂ ತಲೆಯೆತ್ತುವವರಾದರೆ, ಫ್ಯಾನು ಸುಳ್ಳಾಗುತ್ತದೆ. ಆಗ ಅಪ್ಪ ಬಸ್ಸು ಬರುವುದು ನಿಂತುಹೋದ ಸ್ಟಾಪು. ಎರಡೂ ನಿವೃತ್ತಿಯ ಬಗ್ಗೆಯೇ ಆದರೂ ಇಬ್ಬರು ಬೇರೆ ಬೇರೆ ಅಪ್ಪಂದಿರು. ಯಾವುದು ಚೆಂದ ಎಂದು ಆರಿಸಲು ಹೋಗಬೇಡಿ. ನಿಮ್ಮ ಪಟ್ಟಿ ಯಾವ ಅಪ್ಪನದು ಎಂದು ನೋಡಿ.

ಕರೆಯದೆ ಬಂದ ಅರ್ಥ ಯಾವುದು?

ನನ್ನ ಪ್ರಕಾರ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಉಪಮಾನ ಒಂದೇ ಗುಣ ಹೊತ್ತು ತರುವುದಿಲ್ಲ, ತನ್ನ ಸಂಸಾರವನ್ನೆಲ್ಲ ಜೊತೆಗೆ ಕರೆತರುತ್ತದೆ.

ಆ ಫ್ಯಾನನ್ನೇ ನೋಡಿ. ಆರಿಸಿದ ಫ್ಯಾನು ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಓದುಗರಿಗೆ ಇದು ಗೊತ್ತು. ಅಂದರೆ ‘ಅಪ್ಪ ಇನ್ನು ಹೆಚ್ಚು ದಿನ ಇರುವುದಿಲ್ಲ’ ಎಂಬ ಸೂಚನೆ ನೀವು ಹೇಳದೆಯೇ ಹೋಯಿತು. ನಿಮ್ಮ ಕಥೆ ಅತ್ತ ಸಾಗುತ್ತಿದ್ದರೆ ಸರಿ. ಮುಂದಿನ ಪುಟದಲ್ಲಿ ಅಪ್ಪ ಸಂಗೀತ ಕಲಿಯಲು ಸೇರಿಕೊಳ್ಳುವವರಿದ್ದರೆ ಆ ರೂಪಕ ಬಿಡಬೇಕು. ಇನ್ನೊಂದು: ಫ್ಯಾನಿನ ಸ್ವಿಚ್ಚನ್ನು ಯಾರೋ ಆರಿಸಿರುತ್ತಾರೆ. ಅಪ್ಪ ತಾವಾಗಿಯೇ ಕೆಲಸ ಬಿಟ್ಟವರಾದರೆ ಅದೂ ಹೊಂದುವುದಿಲ್ಲ.

ಕಥೆಯಲ್ಲಿ ಹೀಗಾದರೆ ಒಂದು ಪುಟ ಕೆಡುತ್ತದೆ, ಅಷ್ಟೇ. ವರದಿಯಲ್ಲಿ, ಲೇಖನದಲ್ಲಿ ಆದರೆ ಜನರಿಗೇ ನೋವಾಗಬಹುದು. ಕ್ಯಾನ್ಸರ್ ಬಗ್ಗೆ ಬರೆಯುವಾಗ ‘ಹೋರಾಡಿದರು’, ‘ಗೆದ್ದು ಬಂದರು’ ಎನ್ನುತ್ತೇವೆ. ಕೇಳಲು ಚೆನ್ನಾಗಿದೆ. ಆದರೆ ಯುದ್ಧ ಎಂದಮೇಲೆ ಸೋಲೂ ಇರಬೇಕಲ್ಲ? ತೀರಿಕೊಂಡವರು ಸೋತವರಾಗುತ್ತಾರೆ, ಸರಿಯಾಗಿ ಹೋರಾಡಲಿಲ್ಲವೇನೋ ಎಂಬ ಅರ್ಥವೂ ಹೊರಡುತ್ತದೆ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದವರು. ಕಾಯಿಲೆಗೆ ಅಂಟಿಸುವ ಇಂಥ ರೂಪಕಗಳ ವಿರುದ್ಧವೇ 1978ರಲ್ಲಿ ಒಂದು ಪುಸ್ತಕ ಬರೆದರು. ಕಾಯಿಲೆಯನ್ನು ಕಾಯಿಲೆ ಎಂದೇ ನೋಡಿ ಎಂಬುದು ಅವರ ಒತ್ತಾಯ.

2011ರಲ್ಲಿ ಪ್ರಕಟವಾದ ಒಂದು ಪ್ರಯೋಗವೂ ಹೆಸರು ಮಾಡಿತ್ತು. ಒಂದು ಊರಿನ ಅಪರಾಧದ ಬಗ್ಗೆ ಕೆಲವರಿಗೆ ‘ಅಪರಾಧ ಎಂಬ ಮೃಗ’ ಎಂದು, ಇನ್ನು ಕೆಲವರಿಗೆ ‘ಅಪರಾಧ ಎಂಬ ವೈರಸ್’ ಎಂದು ಬರೆದುಕೊಟ್ಟರು. ಅಂಕಿಅಂಶ ಎರಡರಲ್ಲೂ ಒಂದೇ. ಮೃಗ ಎಂದು ಓದಿದವರಲ್ಲಿ ಹಿಡಿಯಿರಿ, ಶಿಕ್ಷಿಸಿ ಎಂದವರು ಜಾಸ್ತಿ. ವೈರಸ್ ಎಂದು ಓದಿದವರು ಮೂಲ ಕಾರಣ ಸರಿಪಡಿಸುವ ಕಡೆ ವಾಲಿದರು. ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗ ಇಂಥ ಪರಿಣಾಮ ಕಾಣಲಿಲ್ಲ ಎಂಬ ತಕರಾರೂ ಇದೆ. ಅದೇನೇ ಇರಲಿ, ಮೃಗ ಎಂದ ಮೇಲೆ ಬೋನು ನೆನಪಾಗುವುದು ಸಹಜ. ಬರೆಯುವವರಿಗೆ ಈ ಎಚ್ಚರ ಸಾಕು.

‘ಇನ’, ‘ದ’, ‘ಯ’ಗಳ ಚಟ ಬಿಡಿ

ಕನ್ನಡದಲ್ಲಿ ರೂಪಕ ಮಾಡಲು ಒಂದು ಸುಲಭದ ಅಚ್ಚು ಇದೆ. ಎರಡು ನಾಮಪದ ತೆಗೆದುಕೊಂಡು ನಡುವೆ ಷಷ್ಠಿ ವಿಭಕ್ತಿ ಸೇರಿಸಿದರೆ ಆಯಿತು. ದುಃಖದ ಸಾಗರ. ಜ್ಞಾನದ ದೀಪ. ಬದುಕಿನ ಬಂಡಿ. ನೆನಪಿನ ಬುತ್ತಿ. ಪ್ರೀತಿಯ ಹೂವು. ಹೊಸದಾಗಿ ಕವಿತೆ ಬರೆಯುವವರು ಒಂದೇ ಪದ್ಯದಲ್ಲಿ ಇಂಥ ಐದಾರು ಸೇರಿಸಿಬಿಡುತ್ತಾರೆ.

ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಬಾಲಗಳನ್ನು ಅದಲುಬದಲು ಮಾಡಿ. ಪ್ರೀತಿಯ ಸಾಗರ, ದುಃಖದ ಬುತ್ತಿ, ನೆನಪಿನ ದೀಪ, ಜ್ಞಾನದ ಬಂಡಿ. ಇವೂ ಅಷ್ಟೇ ಗಂಭೀರವಾಗಿ ಕೇಳುತ್ತವೆ ಅಲ್ವಾ? ಯಾವುದನ್ನು ಎಲ್ಲಿ ಇಟ್ಟರೂ ನಡೆಯುತ್ತದೆ ಎಂದಾದರೆ ಯಾವುದೂ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಈ ಅಚ್ಚಿನಿಂದ ಹೊರಬರುವ ದಾರಿ ಕ್ರಿಯಾಪದ. ‘ಚುಚ್ಚಿತು’ ಎಂದಾಗ ಚೂರಿಯ ಹೆಸರು ಬೇಕಾಗಲಿಲ್ಲ, ನೆನಪಿದೆಯಲ್ಲ? ‘ಸಾಲದ ಹೊರೆ ಅವನ ಮೇಲಿತ್ತು’ ಎನ್ನುವ ಬದಲು ‘ಸಾಲ ಅವನಿಗಿಂತ ಮೊದಲು ಏಳುತ್ತಿತ್ತು’ ಎಂದು ನೋಡಿ. ಸಾಲಕ್ಕೆ ಜೀವ ಬಂತು. ಆ ಮನುಷ್ಯನ ಬೆಳಗೂ ಕಂಡಿತು. ಹೊರೆ, ಸಾಗರ, ಪರ್ವತ ಯಾವುದೂ ಬೇಕಾಗಲಿಲ್ಲ. ‘ಮನೆಯಲ್ಲಿ ಮೌನದ ಗೋಡೆ ಇತ್ತು’ ಎಂಬುದಕ್ಕಿಂತ ‘ಮೌನ ಅವರಿಬ್ಬರ ನಡುವೆ ಊಟಕ್ಕೆ ಕೂತಿತು’ ಎಂಬುದು ವಾಸಿ. ಕೂತದ್ದು ಕಾಣುತ್ತದೆ.

ಒಂದು ಸಾಲಿಗೆ ಒಂದೇ ಚಿತ್ರ

‘ಭ್ರಷ್ಟಾಚಾರದ ಬೇರು ಎಲ್ಲೆಡೆ ಕಬಂಧಬಾಹು ಚಾಚಿದೆ.’ ಬೇರಿಗೆ ಬಾಹು! ಇಂಥ ಬೆರಕೆ ತಪ್ಪಿಸಲು ಬರೆದ ಸಾಲನ್ನು ಕಣ್ಣುಮುಚ್ಚಿ ಚಿತ್ರವಾಗಿ ನೋಡಿದರೆ ಸಾಕು. ಕಾಗದದ ಮೇಲೆ ಗೀಚಿ ನೋಡಿದರೂ ಆಗುತ್ತದೆ. ಚಿತ್ರ ಬರೆಯಲು ಆಗದಿದ್ದರೆ ಓದುಗರಿಗೂ ಆಗುವುದಿಲ್ಲ.

ಒಂದು ರೂಪಕವನ್ನೇ ಎಷ್ಟು ದೂರ ಎಳೆಯಬಹುದು? ಜೀವನವನ್ನು ಪ್ರಯಾಣ ಎಂದು ಶುರು ಮಾಡಿದವರು ಟಿಕೆಟ್ಟು, ನಿಲ್ದಾಣ, ಸಹಪ್ರಯಾಣಿಕರು, ಲಗೇಜು, ಟಿ.ಸಿ. ತನಕ ಹೋಗುತ್ತಾರೆ. ಮೂರನೇ ಹೋಲಿಕೆಯ ಹೊತ್ತಿಗೆ ಓದುಗರು ಮುಂದಿನದನ್ನು ಊಹಿಸಿಬಿಟ್ಟಿರುತ್ತಾರೆ. ಅವರು ಊಹಿಸುವ ಮೊದಲೇ ನಿಲ್ಲಿಸಿ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನ್ನುತ್ತಾರೆ, ಅವನು ರೂಪಕದ ಮೇಲೆ ರೂಪಕ ಪೇರಿಸಿಯೂ ಗೆದ್ದವನು. ನಾವು ಒಂದು ಪ್ಯಾರಾಕ್ಕೆ ಒಂದಿಟ್ಟುಕೊಳ್ಳೋಣ.

ತಿಳಿಸಿ ಹೇಳಬೇಕಾದಾಗ

ವಿಜ್ಞಾನದ ವಿಷಯ ಹೇಳುವಾಗ ರೂಪಕ ಬೇಕೇ ಬೇಕು. ಆದರೆ ಅದು ಎಲ್ಲಿಯವರೆಗೆ ಸರಿ ಎಂಬುದನ್ನೂ ಹೇಳಬೇಕು. ವಿದ್ಯುತ್ತನ್ನು ಪೈಪಿನಲ್ಲಿ ಹರಿಯುವ ನೀರು ಎಂದು ಕಲಿಸುತ್ತಾರೆ. ವೋಲ್ಟೇಜು ಎಂದರೆ ಒತ್ತಡ, ಕರೆಂಟು ಎಂದರೆ ಹರಿವು, ಸಣ್ಣ ತಂತಿ ಎಂದರೆ ಸಣ್ಣ ಪೈಪು. ಇಷ್ಟರವರೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಪೈಪು ಕತ್ತರಿಸಿದರೆ ನೀರು ಹೊರಗೆ ಸುರಿಯುತ್ತದೆ, ಸರ್ಕ್ಯೂಟಿನ ತಂತಿ ಕತ್ತರಿಸಿದರೆ ಹರಿವೇ ನಿಲ್ಲುತ್ತದೆ. ‘ಇಲ್ಲಿಗೆ ಈ ಹೋಲಿಕೆ ಮುಗಿಯಿತು’ ಎಂದು ಒಂದು ಸಾಲು ಬರೆದುಬಿಡಿ.

ಔಷಧಿ ತೆಗೆದುಕೊಳ್ಳುವ ಕ್ರಮ, ಕರಾರು ಪತ್ರ, ಬೆಂಕಿ ಬಿದ್ದಾಗ ಯಾವ ಬಾಗಿಲಿಂದ ಹೋಗಬೇಕು ಎಂಬ ಸೂಚನೆ, ಇಲ್ಲೆಲ್ಲ ರೂಪಕದ ಸುದ್ದಿಗೇ ಹೋಗಬೇಡಿ.

ಬೇರೆಯವರಿಗೆ ಓದಿಸಿ

ಕೊನೆಯ ಕೆಲಸ. ಬರೆದದ್ದನ್ನು ಒಬ್ಬರಿಗೆ ಕೊಡಿ. ‘ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಓದಿ ಮುಗಿಸಿದ ಮೇಲೆ ಹಾಳೆ ವಾಪಸ್ ತೆಗೆದುಕೊಂಡು ‘ಏನು ನೆನಪಿದೆ’ ಎಂದು ಕೇಳಿ. ‘ಆ ಫ್ಯಾನಿನ ಹೋಲಿಕೆ ಸಖತ್ತಾಗಿದೆ’ ಎಂದರೆ ಇನ್ನೊಂದು ಸಲ ತಿದ್ದಬೇಕು, ರೂಪಕ ಅಪ್ಪನಿಗೆ ಅಡ್ಡ ನಿಂತಿದೆ. ‘ಅಲ್ಲ, ಅವರನ್ನು ಯಾರೂ ಒಂದು ಕೆಲಸಕ್ಕೂ ಕಳಿಸೋದಿಲ್ವಾ?’ ಎಂದು ಕೇಳಿದರೆ ಆ ಸಾಲನ್ನು ಹಾಗೇ ಬಿಟ್ಟು ಮುಂದಿನ ಪ್ಯಾರಾಕ್ಕೆ ಹೋಗಿ.