ಮಕ್ಕಳಿಗೆ ಜವಾಬ್ದಾರಿ ಬರ್ಬೇಕಾ? ಮೊದ್ಲು ನೀವು ಕೈಕಟ್ಟಿ ಕೂತ್ಕೊಳ್ಳೋದು ಕಲೀರಿ

ಮುಂಬೈ ಹತ್ರದ ಡೊಂಬಿವಲೀಲಿ ನಮ್ಮ ಬಿಲ್ಡಿಂಗ್‌ಗೆ ನೀರು ಬರೋದು ಬೆಳಿಗ್ಗೆ ಒಂದೇ ಗಂಟೆ, 6ರಿಂದ 7. ಮಗ ಆರನೇ ಕ್ಲಾಸಿಗೆ ಬಂದಾಗ ಕುಡಿಯೋ ನೀರು ತುಂಬ್ಸೋ ಕೆಲ್ಸ ಅವ್ನಿಗೆ ಒಪ್ಪಿಸ್ದೆ, ಎರಡು ಕೊಡ, ಒಂದು ದೊಡ್ಡ ಪಾತ್ರೆ, ಅಷ್ಟೆ.

ಕೆಲ್ಸ ಆರಿಸುವಾಗ ನೋಡ್ಬೇಕಾದ್ದು ಒಂದೇ, ಅದು ಆಗ್ಲಿಲ್ಲ ಅಂದ್ರೆ ಮನೇಲಿ ಯಾರಿಗಾದ್ರೂ ತೊಂದ್ರೆ ಆಗ್ಬೇಕು. ಬೆಡ್‌ಶೀಟ್ ಮಡಚು, ಶೂ ಜೋಡ್ಸು ಅಂತೆಲ್ಲ ಹೇಳ್ತೀವಲ್ಲ, ಮಾಡ್ದಿದ್ರೂ ನಡೆಯುತ್ತೆ ಅಂತ ಮಕ್ಕಳಿಗೆ ಎರಡೇ ದಿನಕ್ಕೆ ಗೊತ್ತಾಗ್ಬಿಡುತ್ತೆ.

ಆಮೇಲೆ ಕಷ್ಟದ ಭಾಗ, ಅದು ನಮ್ಗೇ. ಮೂರನೇ ದಿನ ಅವ್ನು ಏಳಲಿಲ್ಲ. ನಲ್ಲಿ ಸದ್ದು ಕೇಳ್ತಿದೆ, ನನ್ನ ಕೈ ತುರಿಸ್ತಿದೆ, ಆದ್ರೂ ಎದ್ದು ತುಂಬಿಸ್ಲಿಲ್ಲ, ಎಬ್ಬಿಸ್ಲೂ ಇಲ್ಲ. ಅತ್ತೆ ಮಾತ್ರೆ ನುಂಗೋಕೆ ನೀರಿಲ್ದೆ ಸುಮ್ನೆ ಕೂತಿದ್ರು, ಒಂದು ಮಾತೂ ಆಡ್ಲಿಲ್ಲ. ಅವ್ನೇ ಚಪ್ಪಲಿ ಹಾಕ್ಕೊಂಡು ಕಿರಾಣಿ ಅಂಗಡಿಗೆ ಓಡಿ ಬಾಟ್ಲಿ ತಂದ. ನಾನು ಒಂದು ವಾರ ಬೈದಿದ್ರೂ ಅಷ್ಟು ನಾಟ್ತಿರ್ಲಿಲ್ಲ.

ಇಲ್ಲಿರೋ ನಮ್ಮಂಥ ಕನ್ನಡದೋರ ಮನೆಗೆ ಇನ್ನೊಂದು ಒಳ್ಳೆ ಕೆಲ್ಸ ಇದೆ. 2020ರ ಕಾನೂನು ಬಂದ್ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆ ಆದ್ರೂ ಮರಾಠಿ ಕಡ್ಡಾಯ, ಹಾಗಾಗಿ ಮಕ್ಕಳು ಮರಾಠಿನ ನಮ್ಗಿಂತ ಚೆನ್ನಾಗಿ ಓದ್ತಾರೆ. ಬಿಲ್ಡಿಂಗ್ ಸೊಸೈಟಿಯ ಮರಾಠಿ ನೋಟಿಸ್ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳೋದು ಅವ್ರಿಗೇ ಬಿಡಿ. ಒಂದ್ಸಲ ಇವ್ನು ಲಿಫ್ಟ್ ರಿಪೇರಿ ಸಾಲು ಹಾರಿಸ್ಬಿಟ್ಟ, ಅಜ್ಜಿ ದೇವಸ್ಥಾನಕ್ಕೆ ಹೋಗಿ ಬಂದು ನಾಲ್ಕು ಮಹಡಿ ಹತ್ತಿದ್ರು. ಈಗ ತಾರೀಕು ಕ್ಯಾಲೆಂಡರ್ ಮೇಲೆ ಬರೀತಾನೆ, ನಾನು ಹೇಳಿದ್ದಲ್ಲ.

ದುಡ್ಡು. ತರಕಾರಿಗೆ 200 ರೂಪಾಯಿ ಕೊಟ್ಟು ಕಳಿಸಿ, ಹಿಸಾಬು ಬರೆಸಿ. ಕಡಿಮೆ ಬಿತ್ತು, ವಡಾಪಾವ್ ತಿಂದೆ ಅಂತ ಅವ್ನೇ ಹೇಳಿದ್ರೆ ದಯವಿಟ್ಟು ರೇಗ್ಬೇಡಿ, ನಿಜ ಹೇಳಿದ್ದಕ್ಕೆ ಬೈಸ್ಕೊಂಡ ಹುಡುಗನ ಹಿಸಾಬು ಮುಂದಿನ ಸಲ ಒಂದು ಪೈಸೆ ತಪ್ಪಿಲ್ದೆ ಕೂಡುತ್ತೆ. ಕ್ರಿಕೆಟ್ ಆಡಿ ಪಕ್ಕದೋರ ಗಾಜು ಒಡೆದ್ರೂ ಹಾಗೇ, ಜೊತೆಗೆ ಹೋಗಿ, ಆದ್ರೆ ಹಿಂದೆ ನಿಂತ್ಕೊಳ್ಳಿ, ಮಾತು ಅವ್ನೇ ಆಡ್ಲಿ, ಅರ್ಧ ದುಡ್ಡು ಅವ್ನ ಡಬ್ಬಿಯಿಂದ್ಲೇ ಹೋಗ್ಲಿ.

ಹತ್ತನೇ ಕ್ಲಾಸ್ ಬಂತು ಅಂದ ಕೂಡ್ಲೇ ಎಲ್ಲ ಕೆಲ್ಸ ಕಿತ್ಕೊಂಡು ತಟ್ಟೆ ಕೂಡ ಟೇಬಲ್‌ಗೇ ತಂದ್ಕೊಡೋ ತಾಯಂದಿರಿದಾರೆ. ನನ್ಗೆ ಅದು ಸರಿ ಕಾಣಲ್ಲ. ಮುಂಬೈ ಉಡುಪಿ ಹೋಟೆಲ್‌ಗಳಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಮಾಡಿದ ಹುಡುಗರ ಊರಿದು. (ಇದನ್ನ ಮಕ್ಕಳ ಮುಂದೆ ಮಾತ್ರ ಹೇಳ್ಬೇಡಿ, ಎದ್ದು ಹೋಗ್ತಾರೆ.) ಪರೀಕ್ಷೆ ಟೈಮಲ್ಲಿ ಕೆಲ್ಸ ಕಮ್ಮಿ ಮಾಡಿ, ಪೂರ್ತಿ ತೆಗೀಬೇಡಿ, ನೀರು ತುಂಬ್ಸೋಕೆ 15 ನಿಮಿಷ ಸಾಕು.

ಈಗ ಅವ್ನು ಒಂಬತ್ತನೇ ಕ್ಲಾಸು. ಹೋದ ವಾರ ಜ್ವರ ಬಂದು ನಾನು 7 ಗಂಟೆಗೆ ಎದ್ದೆ, ಕೊಡ ಎಲ್ಲ ತುಂಬಿತ್ತು. ಹಾಲಿನ ಪ್ಯಾಕೆಟ್ ಮಾತ್ರ ಬಾಗಿಲಲ್ಲೇ ನೇತಾಡ್ತಿತ್ತು. ಯಾಕೋ ಅಂದ್ರೆ, "ಅದು ನಿನ್ ಕೆಲ್ಸ ಅಲ್ವಾ ಅಮ್ಮ" ಅಂದ.