ಒಂದೇ ಸ್ಲೈಡಿನಲ್ಲಿ ರಕ್ತನಾಳವೂ ಕೋಶದ ಸಾವೂ: ನನ್ನ ಅನುಭವ

"ಕೆಂಪೂ ಕಂದೂ ಒಟ್ಟಿಗೆ ಕೂರೋದಿಲ್ಲ, ಸುಮ್ಮನೆ ದುಡ್ಡು ಹಾಳು" ಎಂದಿದ್ದರು ಲ್ಯಾಬಿನ ಹಿರಿಯರು, ನಾಳಕ್ಕೆ ಕೆಂಪು, ಸಾಯುವ ಕೋಶಕ್ಕೆ ಕಂದು ಬಣ್ಣವನ್ನು ಒಂದೇ ಸ್ಲೈಡಿಗೆ ಹಾಕುವೆ ಎಂದಾಗ. ಒಂದೂವರೆ ವರ್ಷ ಹಿಡಿಯಿತು, ಆದರೆ ಕೂತಿತು.

ಸ್ತನ ಕ್ಯಾನ್ಸರ್ ಗಡ್ಡೆಯಲ್ಲಿ ನಾಳಗಳನ್ನು ಒಂದು ಸೆಕ್ಷನ್ನಿನಲ್ಲಿ (ತೆಳು ಹೋಳಿನಲ್ಲಿ), ಸಾಯುವ ಕೋಶಗಳನ್ನು ಪಕ್ಕದ್ದರಲ್ಲಿ ಎಣಿಸುವುದು ರೂಢಿ. ನನಗೆ ಬೇಕಿದ್ದುದು ಬೇರೆ: ನಾಳದಿಂದ ಎಷ್ಟು ದೂರದಲ್ಲಿ ಕೋಶ ಸಾಯುತ್ತದೆ?

ಮೊದಲು ಟನೆಲ್ (ಸಾಯುವ ಕೋಶದ ತುಂಡಾದ ಡಿಎನ್ಎಗೆ ಬಣ್ಣ ಹಿಡಿಸುವ ವಿಧಾನ) ಜೊತೆ ಸಿಡಿ34 (ನಾಳದ ಗೋಡೆಯ ಕೋಶಗಳನ್ನು ಗುರುತಿಸುವ ಆ್ಯಂಟಿಬಾಡಿ) ಹಾಕಿದೆ. ಟನೆಲ್‌ಗೆ ಮೊದಲು ಹಾಕುವ, ಪ್ರೋಟೀನ್ ಕರಗಿಸುವ ಪ್ರೋಟಿನೇಸ್-ಕೆ ಸ್ವಲ್ಪ ಜಾಸ್ತಿಯಾದರೂ ನಾಳದ ಗೋಡೆ ಚಿಂದಿ. ಸಾಲದ್ದಕ್ಕೆ ನೆಕ್ರೋಸಿಸ್ ಆದ (ಕ್ರಮಬದ್ಧ ಸಾವಲ್ಲದೆ, ಕೋಶಗಳು ಒಡೆದು ಸತ್ತ) ಜಾಗವೂ ಬಣ್ಣ ಹಿಡಿಯುತ್ತಿತ್ತು. ಎರಡು ಕಿಟ್ ಖಾಲಿ. ವರ್ಷದ ರೀಏಜೆಂಟ್ ಹಣದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಆಮೇಲೆ ಕ್ಲೀವ್ಡ್ ಕ್ಯಾಸ್ಪೇಸ್-3ಕ್ಕೆ ಬಂದೆ; ಕೋಶ ತನ್ನನ್ನು ತಾನೇ ಕ್ರಮವಾಗಿ ಕೊಂದುಕೊಳ್ಳುವಾಗ ತುಂಡಾಗಿ ಚುರುಕಾಗುವ ಕಿಣ್ವ ಅದು. ಕಂಟ್ರೋಲ್‌ಗೆ ಎಂಸಿಎಫ್-7 ಎಂಬ, ಲ್ಯಾಬಿನಲ್ಲಿ ಬೆಳೆಸುವ ಸ್ತನ ಕ್ಯಾನ್ಸರ್ ಕೋಶಗಳನ್ನಿಟ್ಟು ಎರಡು ವಾರ ಆ್ಯಂಟಿಬಾಡಿಯನ್ನೇ ದೂರಿದೆ. ಆ ಕೋಶಗಳಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ, 1998ರಿಂದಲೇ ಗೊತ್ತಿರುವ ಸಂಗತಿ! ಟಾನ್ಸಿಲ್ ಇಟ್ಟ ದಿನವೇ ಜರ್ಮಿನಲ್ ಸೆಂಟರಿನಲ್ಲಿ (ಕೋಶಗಳು ಸದಾ ಹುಟ್ಟಿ ಸಾಯುವ ಜಾಗ) ಕಂದು ಚುಕ್ಕೆಗಳು ಎದ್ದವು.

ಅತಿ ನೋವಾದದ್ದು ಮೂರನೇ ಸೋಲಿಗೆ. ಸುಮಾರು ಮೂವತ್ತು ಸ್ಲೈಡು, ಎಲ್ಲ ಸರಿಯಾಗಿ ಬಂದಿದ್ದವು. ಅಭ್ಯಾಸಬಲದಿಂದ ಆಲ್ಕೋಹಾಲಿಗೆ ಇಳಿಸಿದೆ. ನಾಳದ ಕೆಂಪು ಬಣ್ಣ ಫಾಸ್ಟ್ ರೆಡ್ ಕಣ್ಣೆದುರೇ ಕರಗಿಹೋಯಿತು.

ಈಗಿನ ಕ್ರಮ: ಪಿಎಚ್ 9ರಲ್ಲಿ ಒಂದೇ ಸಲ ರಿಟ್ರೀವಲ್ (ಆ್ಯಂಟಿಬಾಡಿ ಹಿಡಿಯುವಂತೆ ಅಂಗಾಂಶವನ್ನು ಬಿಸಿಮಾಡುವುದು), ಮೊದಲು ಕ್ಯಾಸ್ಪೇಸ್ ಡಿಎಬಿ ಎಂಬ ಬಣ್ಣದಲ್ಲಿ ಕಂದು, ನಂತರ ಸಿಡಿ34 ಕೆಂಪು, ಕೋಶಕೇಂದ್ರಗಳಿಗೆ ತೆಳುವಾಗಿ ನೀಲಿ ಹೆಮಟಾಕ್ಸಿಲಿನ್, ಕೊನೆಗೆ ಆಲ್ಕೋಹಾಲ್ ಬೇಡದ ನೀರಿನ ಮೌಂಟೆಂಟ್ (ಮೇಲಿನ ಗಾಜು ಅಂಟಿಸುವ ದ್ರವ). ಒಂದು ಆ್ಯಂಟಿಬಾಡಿ ಮೊಲದ್ದು, ಇನ್ನೊಂದು ಇಲಿಯದು, ಹಾಗಾಗಿ ಒಂದರ ಬಣ್ಣ ಇನ್ನೊಂದನ್ನು ಅಡ್ಡಹಿಡಿಯುವ ಭಯವಿಲ್ಲ. ಸಿಡಿ34 ಇನ್ನಷ್ಟು ತೆಳು ಮಾಡಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಆ್ಯಂಟಿಬಾಡಿ ಅರ್ಧದಷ್ಟೇ ಸಾಕು. ಎರಡು ಬಣ್ಣಗಳ ನಡುವೆ ನಾನು ಮಾಡುವ ತೊಳೆತವನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಒಂದು ಫೀಲ್ಡ್ ಇನ್ನೂ ಕಣ್ಣಲ್ಲಿದೆ: ನಡುವೆ ಕೆಂಪು ಎಳೆ, ಸುತ್ತ ಗಟ್ಟಿಮುಟ್ಟಾದ ಕೋಶಗಳ ತೋಳು, ಅದರಾಚೆ ಮುದುಡಿದ ಕಂದು ಕೋಶಗಳು. ಅಳೆದರೆ ನೂರು ಮೈಕ್ರಾನ್ ಆಸುಪಾಸು. ಆಮ್ಲಜನಕ ಹರಡಿ ತಲುಪುವಷ್ಟೇ ದೂರ.

ಆದರೂ ಕೆಲವು ಕೋಶಗಳು ಕೆಂಪು ಗೋಡೆಗೆ ಅಂಟಿಕೊಂಡೇ ಸತ್ತಿದ್ದವು. ಅನುಮಾನ ಬಂದು ದುಗ್ಧನಾಳವನ್ನು ಗುರುತಿಸುವ ಡಿ2-40 ಆ್ಯಂಟಿಬಾಡಿ ಹಾಕಿದೆ. ಆ ಕೆಂಪಿನಲ್ಲಿ ಒಂದಿಷ್ಟು ದುಗ್ಧನಾಳಗಳೂ (ರಕ್ತ ಹರಿಯದ ಲಿಂಫ್ ನಾಳಗಳು) ಸೇರಿದ್ದವು. ಉಳಿದವು ರಕ್ತನಾಳಗಳೇ. ಗೋಡೆ ಇದ್ದ ಮಾತ್ರಕ್ಕೆ ಒಳಗೆ ರಕ್ತ ಹರಿಯುತ್ತಿತ್ತು ಎನ್ನಲಾಗದು. 1991ರಿಂದ ಬಂದ ಹಾಟ್‌ಸ್ಪಾಟ್ ಎಣಿಕೆ (ನಾಳ ಹೆಚ್ಚು ದಟ್ಟವಾದ ಜಾಗದಲ್ಲಿ ಎಣಿಸುವುದು) ಲ್ಯೂಮೆನ್, ಅಂದರೆ ನಾಳದೊಳಗಿನ ಟೊಳ್ಳು, ಇದೆಯೇ ಎಂದು ಕೇಳುವುದೇ ಇಲ್ಲ. ಬರೀ ಆ ಸಂಖ್ಯೆಯ ಮೇಲೆ ನನಗೀಗ ನಂಬಿಕೆ ಕಮ್ಮಿ.

ಹಿರಿಯರಿಗೆ ಹೆಸರು ಮುಚ್ಚಿ ಹತ್ತು ಸ್ಲೈಡು ಕೊಟ್ಟೆ. ಎಂಟರಲ್ಲಿ ಅವರ ಎಣಿಕೆ ನನ್ನದಕ್ಕೆ ಹೊಂದಿತು. ಈಗ ಅವರ ಮೇಣದ ಅಂಗಾಂಶ ಬ್ಲಾಕ್‌ಗಳೂ ನನ್ನ ಮೇಜಿಗೇ ಬರುತ್ತಿವೆ.