ಒಂದು ದಿನದ ತಿರುಗಾಟ: ಡಿಕ್ಕಿಯಲ್ಲೊಂದು ಚೆಂಡು, ಮೊದಲೇ ಗೊತ್ತು ಮಾಡಿದ ವಾಪಸಿನ ಗಂಟೆ

ಬೇಸಿಗೆ ರಜೆ ಶುರುವಾದ ಮೊದಲ ವಾರ ಪಟ್ಟಿ ಬರೆಯುವ ಹುರುಪು ಎಲ್ಲರಿಗೂ ಇರುತ್ತದೆ. ಒಂದು ವರ್ಷ ನಮ್ಮ ಫ್ರಿಜ್ಜಿನ ಬಾಗಿಲಿಗೆ ಹದಿನಾಲ್ಕು ಜಾಗಗಳ ಪಟ್ಟಿ ಅಂಟಿಕೊಂಡಿತ್ತು. ಹೋಗಿ ಬಂದದ್ದು ನಾಲ್ಕಕ್ಕೆ. ಆ ನಾಲ್ಕರಲ್ಲಿ ಮಕ್ಕಳು ಈಗಲೂ ನೆನೆಸಿಕೊಳ್ಳುವುದು ಒಂದೇ ಒಂದು ದಿನವನ್ನು. ಅದೂ ಏನು, ನೋಡಬೇಕೆಂದಿದ್ದ ಜಾಗಕ್ಕೆ ಬೀಗ ಬಿದ್ದಿತ್ತು. ಬೇರೆ ದಾರಿ ಕಾಣದೆ ಎದುರಿನ ಬಯಲಲ್ಲಿ ಫುಟ್‌ಬಾಲ್ ಆಡಿ ಬಂದೆವು. ಅಂದಿನಿಂದ ನಮ್ಮ ಮನೆಯ ಲೆಕ್ಕಾಚಾರ ತಲೆಕೆಳಗಾಗಿದೆ. ಮೊದಲು ವಾಪಸಾಗುವ ಗಂಟೆ, ಆಮೇಲೆ ಆಡುವ ಬಯಲು, ನೋಡುವ ಜಾಗ ಕೊನೆಗೆ. ಆ ಕ್ರಮದಲ್ಲೇ ಹೇಳುತ್ತೇನೆ.

ಲೆಕ್ಕ ಸಂಜೆಯಿಂದ ಶುರು

ತಿರುಗಾಟ ಹಾಳಾಗುವುದು ಹೋಗುವಾಗಲ್ಲ, ಬರುವಾಗ. ಹೋಗುವಾಗ ಎಲ್ಲರೂ ಹಾಡುತ್ತಿರುತ್ತಾರೆ. ಬರುವಾಗ ಒಬ್ಬ ಅಳುತ್ತಿರುತ್ತಾನೆ, ಒಬ್ಬಳು ಮುನಿಸಿಕೊಂಡಿರುತ್ತಾಳೆ, ಗಾಡಿ ಓಡಿಸುವವರ ಕಣ್ಣು ಎಳೆಯುತ್ತಿರುತ್ತದೆ. ಹಾಗಾಗಿ ಕಾಗದದ ತಳದಲ್ಲಿ ಮನೆ ಸೇರುವ ಹೊತ್ತು ಬರೆದು, ಅಲ್ಲಿಂದ ಮೇಲಕ್ಕೆ ಏರುತ್ತಾ ಹೋಗಿ.

ಸಂಜೆ 5ಕ್ಕೆ ಮನೆ ಸೇರಬೇಕು, ದಾರಿ ಒಂದೂವರೆ ಗಂಟೆ ಎಂದುಕೊಳ್ಳಿ. ಅಂದರೆ 3.30ಕ್ಕೆ ಗಾಡಿ ಕದಲಬೇಕು. 'ಹೊರಡೋಣ' ಎನ್ನುವುದಕ್ಕೂ ಗಾಡಿ ಕದಲುವುದಕ್ಕೂ ನಡುವೆ ಅರ್ಧ ಗಂಟೆ ಬೇಕೇ ಬೇಕು: ಒಂಟಿ ಚಪ್ಪಲಿ ಹುಡುಕಬೇಕು, ಬಾಟಲಿಯ ಮುಚ್ಚಳ ಹುಡುಕಬೇಕು, ಎಲ್ಲರೂ ಹತ್ತಿ ಕೂತ ಮೇಲೆ ಒಬ್ಬರಿಗೆ ಬಾತ್‌ರೂಮು ನೆನಪಾಗಬೇಕು. ಆದ್ದರಿಂದ 3ಕ್ಕೇ ಎದ್ದೇಳಿ. ಅದಕ್ಕೆ ಮೊದಲು ಊಟ ಮತ್ತು ನೆರಳಲ್ಲಿ ಕಾಲು ಚಾಚುವುದು, ಒಟ್ಟು ಎರಡು ಗಂಟೆ. ಅದಕ್ಕೂ ಮೊದಲು, 10.45ರಿಂದ 1ರವರೆಗೆ, ಸೂರಿನ ಕೆಳಗೆ ಇಲ್ಲವೇ ಮರದ ಕೆಳಗೆ ನೋಡುವಂಥದ್ದು ಏನಾದರೂ. 8ರಿಂದ 10.15 ಚೆಂಡಿನ ಹೊತ್ತು. ಅಲ್ಲಿಗೆ ಮನೆ ಬಿಡಬೇಕಾದದ್ದು ಬೆಳಿಗ್ಗೆ 6.30ಕ್ಕೆ. ಇಷ್ಟು ಬೇಗ ಯಾರು ಏಳುತ್ತಾರೆ ಎಂದರೆ, ಶಾಲೆಗೆ ಏಳದ ಮಕ್ಕಳೂ ಆಟಕ್ಕೆ ಏಳುತ್ತಾರೆ. ದೊಡ್ಡವರ ವಿಷಯ ನಾನು ಹೇಳಲಾರೆ.

ನಾನು ಪಾಲಿಸುವ ಒಂದು ಕಟ್ಟುಪಾಡಿದೆ: ಹೋಗಿ ಬರುವ ಪ್ರಯಾಣ ಇಡೀ ದಿನದ ಮೂರನೇ ಒಂದು ಭಾಗವನ್ನು ಮೀರಬಾರದು. ಮೀರಿದರೆ ಅದು ಒಂದು ದಿನದ ತಿರುಗಾಟವಲ್ಲ, ರಾತ್ರಿ ಉಳಿಯಬೇಕಾದ ಪ್ರವಾಸ. ಒಂದು ದಿನಕ್ಕೆ ಒಂದೇ ಜಾಗ. 'ಹೇಗೂ ಅಷ್ಟು ದೂರ ಹೋಗಿರ್ತೀವಲ್ಲ, ಅದನ್ನೂ ನೋಡ್ಕೊಂಡು ಬಂದ್ಬಿಡೋಣ' ಎಂದು ಯಾರಾದರೂ ಅಂದರೆ ಕೇಳಿಸದವರಂತೆ ಇದ್ದುಬಿಡಿ. ಆ ಜಾಗಕ್ಕೆ ವಾರದ ರಜೆ ಯಾವತ್ತು ಎಂದು ಮಾತ್ರ ಹಿಂದಿನ ದಿನವೇ ವಿಚಾರಿಸಿ. ನಮಗೆ ಒದಗಿದಂತೆ ಬೀಗವೇ ಅದೃಷ್ಟವಾಗುವುದು ದಿನಾ ನಡೆಯುವುದಿಲ್ಲ.

ಚೆಂಡು ಆರಿಸುವುದು, ಗಾಳಿ ಹೊಡೆಯುವುದು

ಹೆಚ್ಚಿನ ಮನೆಗಳಲ್ಲಿ ಇರುವುದು 5ನೇ ಸೈಜಿನ ಚೆಂಡು. ಅದು ದೊಡ್ಡವರ ಪಂದ್ಯದ ಚೆಂಡು: ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಆರು ವರ್ಷದ ಮಗು ಅದನ್ನು ಒದ್ದರೆ ಚೆಂಡು ಹೋಗುವುದಕ್ಕಿಂತ ಹೆಚ್ಚಾಗಿ ಕಾಲು ನೋಯುತ್ತದೆ. ಎರಡು ದಿನ ಒದ್ದು, 'ನಂಗೆ ಫುಟ್‌ಬಾಲ್ ಇಷ್ಟ ಇಲ್ಲ' ಎನ್ನುತ್ತದೆ. ಎಂಟು ವರ್ಷದೊಳಗಿನವರಿಗೆ 3ನೇ ಸೈಜು, ಎಂಟರಿಂದ ಹನ್ನೆರಡರವರಿಗೆ 4ನೇ ಸೈಜು, ಆಮೇಲೆ 5. ಎಲ್ಲ ವಯಸ್ಸಿನವರೂ ಕೂಡಿ ಆಡುವಾಗ ಯಾವುದು? ನನ್ನ ಓಟು 4ಕ್ಕೆ. ಚಿಕ್ಕವರಿಗೆ ತೀರಾ ಭಾರವಲ್ಲ, ಅಪ್ಪಂದಿರು ಜೋರಾಗಿ ಒದ್ದರೆ ಗೋಲಿಗೆ ಹೋಗದೆ ಎಲ್ಲೋ ಹಾರುತ್ತದೆ. ಅಷ್ಟರಮಟ್ಟಿಗೆ ಆಟ ಸಮ.

ಗಾಳಿ ಎಷ್ಟಿರಬೇಕು? ನಿಯಮ ಪುಸ್ತಕ ಹೇಳುವುದು 0.6ರಿಂದ 1.1 ವಾಯುಭಾರ, ಅಂದರೆ ಪಂಪಿನ ಮುಳ್ಳಿನ ಲೆಕ್ಕದಲ್ಲಿ 8.5ರಿಂದ 15.6 ಪಿಎಸ್‌ಐ. ಅಳೆಯುವ ಮುಳ್ಳಿಲ್ಲದಿದ್ದರೆ ಎರಡು ಹೆಬ್ಬೆರಳಿಂದ ಒತ್ತಿ ನೋಡಿ: ಸ್ವಲ್ಪ ತಗ್ಗಬೇಕು, ಗುಳಿ ಬೀಳಬಾರದು. ಗಟ್ಟಿ ನೆಲದ ಮೇಲೆ ತಲೆಯ ಎತ್ತರದಿಂದ ಕೈಬಿಟ್ಟರೆ ಹೆಚ್ಚುಕಡಿಮೆ ಸೊಂಟದವರೆಗೆ ಪುಟಿಯಬೇಕು. ಚಿಕ್ಕ ಮಕ್ಕಳಿದ್ದರೆ ಗಾಳಿ ಒಂದು ಗುಲಗಂಜಿ ಕಮ್ಮಿಯೇ ಇರಲಿ. ಕಲ್ಲಿನಂತೆ ಬಿಗಿದ ಚೆಂಡನ್ನು ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ. ಕಾವು ಏರಿದಂತೆ ಒಳಗಿನ ಒತ್ತಡವೂ ಏರಿ ಹೊಲಿಗೆ ಜಗ್ಗುತ್ತದೆ.

ಗಾಳಿ ಹೊಡೆಯುವಾಗ ಎಲ್ಲರೂ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೇನೆ. ಒಣ ಸೂಜಿಯನ್ನು ವಾಲ್ವಿಗೆ ತುರುಕುವುದು. ವಾಲ್ವ್ ರಬ್ಬರಿನದು, ಒಣ ಲೋಹ ಅದಕ್ಕೆ ಕಚ್ಚಿಕೊಳ್ಳುತ್ತದೆ. ಒಮ್ಮೆ ಬಯಲಿಗೆ ಹೋಗಿ ನಿಂತಾಗ ಚೆಂಡು ಮೆತ್ತಗಾಗಿತ್ತು. ಅವಸರದಲ್ಲಿ ಓರೆಯಾಗಿ ಚುಚ್ಚಿ ಒತ್ತಿದೆ. ಟಕ್ ಎಂದು ಸೂಜಿ ಒಳಗೇ ಮುರಿಯಿತು. ಸುತ್ತ ನಿಂತ ಐದು ಮಕ್ಕಳು ಚೆಂಡನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಅವತ್ತು ಟವೆಲನ್ನು ಉಂಡೆ ಕಟ್ಟಿ ಆಡಿದೆವು. ಮಾಡಬೇಕಾದದ್ದು ಇಷ್ಟೆ: ಸೂಜಿಯನ್ನು ನೀರಲ್ಲಿ ಅದ್ದಿ, ವಾಲ್ವಿನ ಬಾಯಿಗೂ ಒಂದು ಹನಿ ಬಿಟ್ಟು, ನೆಟ್ಟಗೆ ಹಿಡಿದು, ಮೆಲ್ಲಗೆ ತಿರುವುತ್ತಾ ಇಳಿಸಿ. ಗ್ಲಿಸರಿನ್ ಇದ್ದರೆ ಇನ್ನೂ ಒಳ್ಳೆಯದು. ಈ ಕೆಲಸ ಹಿಂದಿನ ರಾತ್ರಿ ಮನೆಯಲ್ಲೇ ಮುಗಿಸಿ, ಬೆಳಿಗ್ಗೆ ಎದ್ದು ಮತ್ತೊಮ್ಮೆ ಒತ್ತಿ ನೋಡಿ. ರಾತ್ರೋರಾತ್ರಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ವಾಲ್ವಿನ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವುದು ಕಾಣುತ್ತದೆ.

ಅಂಗಳ ಹಾಕುವುದು, ನಿಯಮ ಕಟ್ಟುವುದು

ನಿಜವಾದ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ನಮ್ಮದು ಎರಡು ಚಪ್ಪಲಿ, ನಡುವೆ ಮೂರು ಹೆಜ್ಜೆ. ಉದ್ದ ಮೂವತ್ತು ಹೆಜ್ಜೆ, ಅಗಲ ಇಪ್ಪತ್ತು ಸಾಕು. ರಸ್ತೆಯಿಂದಲೂ ನೀರಿನಿಂದಲೂ ದೂರವಿರಲಿ. ಚೆಂಡು ಹೋದ ಕಡೆ ಮಗು ಹಿಂದೆಮುಂದೆ ನೋಡದೆ ಓಡುತ್ತದೆ. ಶುರು ಮಾಡುವ ಮೊದಲು ಎಲ್ಲರೂ ಸಾಲಾಗಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ಗಾಜು, ಕಲ್ಲು, ಗುಂಡಿ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ. ಬಯಲಲ್ಲಿ ಯಾರೋ ಇಟ್ಟ ಕಬ್ಬಿಣದ ಗೋಲ್‌ಪೋಸ್ಟ್ ಇದ್ದರೆ ಅದು ನೆಲಕ್ಕೆ ಬಿಗಿದಿದೆಯೇ ಅಲ್ಲಾಡಿಸಿ ನೋಡಿ, ಬಿಗಿಯದಿದ್ದರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಅದಕ್ಕೆ ಜೋತುಬಿದ್ದಾಗ ಮಗುಚಿಕೊಂಡು ಜೀವ ಹೋದದ್ದುಂಟು.

ಫುಟ್‌ಬಾಲಿಗೆ 17 ನಿಯಮಗಳಿವೆ. ಮನೆಯವರ ಆಟಕ್ಕೆ ಅಷ್ಟು ಬೇಡ. ಆಫ್‌ಸೈಡ್ ಮೊದಲು ಕೈಬಿಡಿ. ಅದನ್ನು ವಿವರಿಸುವಷ್ಟರಲ್ಲಿ ಬಿಸಿಲೇರುತ್ತದೆ. ಒಂದೊಂದು ತಂಡಕ್ಕೆ ನಾಲ್ಕೋ ಐದೋ ಜನ, ಗೋಲ್‌ಕೀಪರ್ ಇಲ್ಲ, ಹತ್ತತ್ತು ನಿಮಿಷದ ಎರಡು ಅರ್ಧ. ಜಾಸ್ತಿ ಜನ ಒಂದೇ ಚೆಂಡಿನ ಹಿಂದೆ ಬಿದ್ದರೆ ಚಿಕ್ಕವರಿಗೆ ಚೆಂಡೇ ಸಿಗುವುದಿಲ್ಲ. ಜನ ಹೆಚ್ಚಿದ್ದರೆ ಎರಡು ಅಂಗಳ ಹಾಕಿ.

ಇನ್ನು ನಮ್ಮ ಮನೆಯ ಕಾನೂನುಗಳು. ದೊಡ್ಡವರು ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ, ಪಾಸ್ ಕೊಡಲೇಬೇಕು. ಗೋಲು ಹೊಡೆಯುವುದಾದರೆ ಎಡಗಾಲಲ್ಲಿ, ಎಡಚರಾದರೆ ಬಲಗಾಲಲ್ಲಿ. ತಂಡದ ಅತಿ ಚಿಕ್ಕವರ ಗೋಲು ಎರಡಕ್ಕೆ ಸಮ. ಒಂದು ತಂಡ ಮೂರು ಗೋಲು ಮುಂದೆ ಹೋದರೆ ಕೊನೆಯ ಗೋಲು ಹೊಡೆದವರು ಎದುರು ತಂಡಕ್ಕೆ ಹೋಗಬೇಕು. ಈ ಕೊನೆಯದು ಬಂದ ಮೇಲೆ ಸೋತು ಅಳುವುದು ನಿಂತಿತು, ಯಾಕೆಂದರೆ ಆಟ ಮುಗಿಯುವಾಗ ಯಾರು ಯಾವ ತಂಡ ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ಓಡಲಾಗದ ಹಿರಿಯರನ್ನು ಬ್ಯಾಗು ಕಾಯಲು ಕೂರಿಸಬೇಡಿ, ಸೀಟಿ ಕೊಡಿ. ನಮ್ಮತ್ತೆಗೆ ಫೌಲು ಅಂದರೇನು ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಸೀಟಿ ಅವರ ಬಾಯಿಗೆ ಹೋದ ಮೇಲೆ ಅಳಿಯನೆಂಬ ರಿಯಾಯಿತಿಯೂ ಇಲ್ಲ.

ತಲೆಯಿಂದ ಹೊಡೆಯುವುದು ಬೇಡ. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗನ್ನೇ ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಅದು ಬೇಡ ಎಂದಿತು. ಬೆಳೆಯುವ ಮಿದುಳಿನ ಕಾಳಜಿ. ಚೆಂಡು ಮೊಣಕಾಲಿಗಿಂತ ಮೇಲೆ ಹೋದರೆ ಎದುರು ತಂಡಕ್ಕೆ ಎಂಬ ನಿಯಮ ಹಾಕಿದರೆ ಈ ಪ್ರಶ್ನೆಯೇ ಬರುವುದಿಲ್ಲ, ಪಾಸ್ ಕೊಡುವುದೂ ಚೆನ್ನಾಗಿ ಬರುತ್ತದೆ.

ನೆರಳು ನೋಡಿ ಸೀಟಿ ಊದಿ

ಗಡಿಯಾರಕ್ಕಿಂತ ನಿಮ್ಮ ನೆರಳನ್ನೇ ನಂಬಿ. ನೆರಳು ನಿಮಗಿಂತ ಉದ್ದವಿದ್ದರೆ ಆಡಿ. ನಿಮಗಿಂತ ಗಿಡ್ಡವಾಯಿತೋ, ಬಿಸಿಲಿನ ನೇರಳಾತೀತ ಕಿರಣ ಜೋರಾಗಿದೆ ಎಂದು. ಚೆಂಡು ಎತ್ತಿಕೊಂಡು ನೆರಳಿಗೆ ನಡೆಯಿರಿ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಬಿಸಿಲಿಗೆ ಇಳಿಯುವ ಕಾಲು ಗಂಟೆ ಮೊದಲು, ಎರಡು ಗಂಟೆಗೊಮ್ಮೆ ಮತ್ತೆ. ಕಿವಿ ಮತ್ತು ಕತ್ತಿನ ಹಿಂಭಾಗ ಮರೆಯಬೇಡಿ.

2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಮೆಕ್ಸಿಕೊ ಆಡುವಾಗ, ಸೆಕೆ ತಡೆಯಲಾರದೆ ರೆಫರಿ ಪಂದ್ಯವನ್ನೇ ನಿಲ್ಲಿಸಿ ನೀರು ಕುಡಿಸಿದರು. ಅಂಥ ಗಟ್ಟಿಗರಿಗೇ ಹಾಗಾದರೆ ಮಕ್ಕಳದ್ದೇನು? ಬಾಯಾರಿಕೆ ಅಂತ ಅವರು ಹೇಳುವವರೆಗೆ ಕಾಯಬೇಡಿ, ಆಟದ ಮಧ್ಯೆ ಹೇಳುವುದೂ ಇಲ್ಲ. ಒಂಬತ್ತರಿಂದ ಹನ್ನೆರಡು ವರ್ಷದವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ. ನೀರು ಬೇಕು. ಹತ್ತತ್ತು ನಿಮಿಷದ ಅರ್ಧ ಇಟ್ಟದ್ದು ಇದಕ್ಕೂ ಹೌದು: ಒಂದು ಆಟ ಮುಗಿದರೆ ಒಂದು ಲೋಟ, ಯಾವ ಲೆಕ್ಕವೂ ಬೇಡ.

ಮಗುವಿಗೆ ತಲೆನೋವು, ಬವಳಿ, ವಾಕರಿಕೆ ಬಂದರೆ ಆಟ ಅಲ್ಲಿಗೇ ಬಿಡಿಸಿ. ನೆರಳಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟರೆ, ಮೈ ಸುಡುತ್ತಿದ್ದರೆ ಅದು ಬಿಸಿಲ ಹೊಡೆತ. ಬಾಯಿಗೆ ನೀರು ಹಾಕಬೇಡಿ, ಮೈಮೇಲೆ ಸುರಿಯಿರಿ, ಆಂಬುಲೆನ್ಸ್ ಕರೆಯಿರಿ. ನಿಂತ ಗಾಡಿಯೊಳಗೆ ಮಗುವನ್ನು 'ಎರಡೇ ನಿಮಿಷ' ಎಂದೂ ಬಿಡಬೇಡಿ. ಹತ್ತು ನಿಮಿಷದಲ್ಲಿ ಒಳಗಿನ ಕಾವು ಸುಮಾರು ಹತ್ತು ಡಿಗ್ರಿ ಏರುತ್ತದೆ, ಗಾಜು ಎರಡು ಬೆರಳು ಇಳಿಸಿದ್ದರೂ ಅಷ್ಟೆ.

ಬುತ್ತಿ, ಉಳುಕು

ಬುತ್ತಿಯ ಬಗ್ಗೆ ಪ್ರತಿ ಮನೆಗೂ ಅದರದೇ ಹಟ ಇರುತ್ತದೆ, ನಾನು ತಲೆ ಹಾಕುವುದಿಲ್ಲ. ಬೇಯಿಸಿದ್ದು ತಣ್ಣಗಿಡದೆ ಹೊರಗೆ ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಅದಕ್ಕಿಂತ ಹೆಚ್ಚು ಇಡಬಾರದು ಎಂಬುದಷ್ಟೆ ನೆನಪಿರಲಿ. ಅರ್ಧದಷ್ಟು ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿ ಫ್ರೀಜರಿಗೆ ಹಾಕಿ, ತುಂಬ ತುಂಬಿಸದೆ. ಬೆಳಿಗ್ಗೆ ಅವನ್ನೇ ಬುತ್ತಿಯ ಸುತ್ತ ಜೋಡಿಸಿದರೆ ಮಧ್ಯಾಹ್ನದವರೆಗೆ ಊಟಕ್ಕೆ ತಂಪು, ಆಮೇಲೆ ಕುಡಿಯಲು ತಣ್ಣೀರು.

ಕಾಲು ಉಳುಕಿದರೂ ಇದೇ ಬಾಟಲಿ ಒದಗುತ್ತದೆ. ಬಟ್ಟೆ ಸುತ್ತಿ ಹದಿನೈದು ನಿಮಿಷ ಒತ್ತಿ, ಪಟ್ಟಿ ಕಟ್ಟಿ, ಕಾಲು ಎತ್ತರಕ್ಕಿಡಿ. ತಿಕ್ಕಬೇಡಿ. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಎಕ್ಸ್‌ರೇಗೆ ನಡೆಯಿರಿ.

'ಇನ್ನೊಂದೇ ಗೋಲು'

ಬೆಳಗಿನ ಆಟ ಎಷ್ಟೇ ಆಗಿರಲಿ, ಹೊರಡುವ ಹೊತ್ತಿಗೆ ಚೆಂಡು ಮತ್ತೆ ಹೊರಬರುತ್ತದೆ. 'ಇನ್ನೊಂದೇ ಗೋಲು ಅಪ್ಪಾ' ಎಂಬ ಅಹವಾಲು ಬಂದೇ ಬರುತ್ತದೆ. ಅದಕ್ಕೆಂದೇ ಆ ಅರ್ಧ ಗಂಟೆ ಎತ್ತಿಟ್ಟದ್ದು. ಮುಂದಿನ ಗೋಲಿಗೆ ಆಟ ಮುಗಿಯಿತು ಎಂದು ಮೊದಲೇ ಸಾರಿ, ಆ ಗೋಲು ಬೇಗ ಬೀಳುವಂತೆ ನೋಡಿಕೊಳ್ಳಿ. ಅಪ್ಪಂದಿರು ಸೋಲುವ ಕಲೆ ತೋರಿಸಬೇಕಾದದ್ದು ಇಲ್ಲೇ.

ಗಾಡಿ ಹತ್ತುವ ಮೊದಲು ಬೂಟು ಬಿಚ್ಚಿಸಿ. ಹೊಟ್ಟೆ ತೊಳಸುವ ಮಗುವಿಗೆ ಎದುರಿನ ಗಾಜಿನಾಚೆ ದೂರಕ್ಕೆ ಕಾಣುವ ಸೀಟು, ಕೈಗೆ ಫೋನು ಬೇಡ. ಮನೆ ಸೇರಿದ ಮೇಲೆ ಒದ್ದೆ ಬೂಟಿನೊಳಗೆ ಹಳೇ ಪೇಪರು ಮುದ್ದೆ ಮಾಡಿ ತುರುಕಿಡಿ, ಬೆಳಗಾಗುವಷ್ಟರಲ್ಲಿ ತೇವ ಹೀರಿರುತ್ತದೆ. ಪಂಪಿನಿಂದ ಸೂಜಿ ಕಳಚಿದವರು ಅದನ್ನು 'ಭದ್ರವಾಗಿರಲಿ' ಎಂದು ಎಲ್ಲೋ ಎತ್ತಿಡುತ್ತಾರೆ, ಮುಂದಿನ ವಾರ ಮನೆಯೆಲ್ಲ ಜಾಲಾಡುತ್ತಾರೆ. ಒರೆಸಿ, ಪಂಪಿನ ಮೈಗೇ ಒರಗಿಸಿ, ರಬ್ಬರ್ ಬ್ಯಾಂಡ್ ಸುತ್ತಿಬಿಡಿ. ಬಿಡಿಸೂಜಿ ಇನ್ನೊಂದನ್ನು ಗಾಡಿಯಲ್ಲೇ ಇಡಿ.